ಅಮಾವಾಸ್ಯೆ ನೋಡಿ ಹೊರಡಿ: ಬ್ರಿಟನ್ನಿನಲ್ಲಿ ಒಂದು ವರ್ಷದ ವನ್ಯಜೀವಿ ಫೋಟೋಗ್ರಫಿ

ಬ್ರಿಟನ್ನಿಗೆ ಬಂದ ಮೊದಲ ವರ್ಷ ನಾನು ಕ್ಯಾಮೆರಾ ಹೊರಗೆ ತೆಗೆದದ್ದೇ ಕಡಿಮೆ. ಕಬಿನಿ, ನಾಗರಹೊಳೆ, ರಂಗನತಿಟ್ಟು ನೋಡಿದ ಕಣ್ಣಿಗೆ ಇಲ್ಲಿ ಏನಿದೆ ಅನ್ನಿಸಿತ್ತು. ಹುಲಿ ಇಲ್ಲ, ಆನೆ ಇಲ್ಲ, ಬೆಳಿಗ್ಗೆ ಆರಕ್ಕೆ ಗೇಟಿನ ಮುಂದೆ ಕಾಯುವ ಜೀಪೂ ಇಲ್ಲ. ನೆಲದ ಮೇಲೆ ಓಡಾಡುವ ಅತಿ ದೊಡ್ಡ ಕಾಡುಪ್ರಾಣಿ ಅಂದರೆ ಕೆಂಪು ಜಿಂಕೆ.

ನನ್ನ ಲೆಕ್ಕ ತಪ್ಪಿದ್ದು ಒಂದು ಕಡೆ. ನಮ್ಮಲ್ಲಿ ಜಾಗ ಮುಖ್ಯ. ಕಬಿನಿಗೆ ಹೋದರೆ ವರ್ಷವಿಡೀ ಏನಾದರೂ ಸಿಕ್ಕೇ ಸಿಗುತ್ತದೆ. ಇಲ್ಲಿ ಜಾಗಕ್ಕಿಂತ ವಾರ ಮುಖ್ಯ. ಜುಲೈ ಎರಡನೇ ವಾರ ಪಫಿನ್ ಎಂಬ ಕಡಲಹಕ್ಕಿಗಳು ಸಾವಿರಾರು ಇದ್ದ ಬಂಡೆ ಆಗಸ್ಟ್ ಎರಡನೇ ವಾರಕ್ಕೆ ಬರಿದು. ಹಾಗಾಗಿ ಬ್ರಿಟನ್ನಿನಲ್ಲಿ ಪ್ಲಾನ್ ಮಾಡೋದು ಅಂದರೆ ನಕ್ಷೆ ಹರಡಿಕೊಂಡು ಕೂರೋದಲ್ಲ, ಕ್ಯಾಲೆಂಡರ್ ಬಿಚ್ಚಿಕೊಂಡು ಕೂರೋದು. ನಾನು ಕೆಲಸಕ್ಕೆ ಹೋಗುತ್ತಾ, ಸಂಸಾರ ಇಟ್ಟುಕೊಂಡು, ಮಧ್ಯೆ ಊರಿಗೂ ಹೋಗಿಬಂದು ಮಾಡುವ ಪ್ಲಾನ್ ಇದು.

ಮೊದಲು ರಜೆ ಎಣಿಸಿ

ದುಡ್ಡಿನ ಬಜೆಟ್ ಆಮೇಲೆ. ಇಲ್ಲಿ ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 28 ದಿನ ಸಂಬಳದ ರಜೆ. ಆದರೆ ಬ್ಯಾಂಕ್ ಹಾಲಿಡೇ ಅನ್ನುವ ಸಾರ್ವಜನಿಕ ರಜೆಗಳನ್ನೂ ಆ ಲೆಕ್ಕದೊಳಗೇ ಸೇರಿಸಬಹುದು. ಇಂಗ್ಲೆಂಡಿನಲ್ಲಿ ಅವು ಎಂಟು. ಉಳಿದದ್ದು 20. ಊರಿಗೆ ಹೋಗಿಬರಲು ಕಡಿಮೆ ಅಂದರೂ 12 ಬೇಕು, ಅಲ್ವಾ? ಕೈಯಲ್ಲಿ ಉಳಿಯೋದು ಎಂಟು ದಿನ.

ಎಂಟೇ ದಿನ ಅಂತ ಗಾಬರಿಯಾಗಬೇಡಿ. ಒಂದು ಹಾಳೆ ತಗೊಂಡು ನೀವು ತೆಗೆಯಬೇಕು ಅಂದುಕೊಂಡಿರುವ ಪ್ರಾಣಿ ಪಕ್ಷಿಗಳ ಹೆಸರು ಬರೆಯಿರಿ. ಪಕ್ಕದಲ್ಲಿ ಎರಡು ವಿಷಯ ಗುರುತು ಹಾಕಿ: ಅದು ವರ್ಷದಲ್ಲಿ ಎಷ್ಟು ವಾರ ಸಿಗುತ್ತದೆ, ಮನೆಯಿಂದ ಎಷ್ಟು ದೂರ. ತುಂಬಾ ದೂರ ಇದ್ದು ಕೆಲವೇ ವಾರ ಸಿಗುವುದಕ್ಕೆ ಮಾತ್ರ ರಜೆ ಹಾಕಿ. ತಿಂಗಳುಗಟ್ಟಲೆ ಸಿಗುವುದನ್ನು ಶನಿವಾರ ಭಾನುವಾರಕ್ಕೆ ತಳ್ಳಿ. ನನ್ನ ಎಂಟು ದಿನ ಹೀಗೆ ಹಂಚಿಹೋಗುತ್ತವೆ: ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ಸ್ ಬೆಟ್ಟಗಳ ಕಡೆಗೆ ಎರಡು, ಮೇ ತಿಂಗಳಲ್ಲಿ ಅಲ್ಲಿಯದೇ ಮಲ್ ದ್ವೀಪಕ್ಕೆ ಮೂರು, ಜೂನ್ ಕೊನೆಗೆ ವೇಲ್ಸ್‌ನ ಸ್ಕೋಮರ್ ದ್ವೀಪಕ್ಕೆ ಎರಡು. ಒಂದು ದಿನ ಸುಮ್ನೆ ಜೇಬಿನಲ್ಲಿಟ್ಟುಕೊಂಡಿರುತ್ತೇನೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ. ಮಿಕ್ಕಿದ್ದೆಲ್ಲ ವಾರಾಂತ್ಯದ ಕೆಲಸ.

ಇನ್ನೊಂದು ಮಾತು. ಹೊಸಬರು ವರ್ಷಕ್ಕೆ ಇಪ್ಪತ್ತು ಜಾಗ ಬರೆದುಕೊಳ್ಳುತ್ತಾರೆ. ನಾನೂ ಬರೆದಿದ್ದೆ. ಮುಂದೆ ಹೇಳುವವುಗಳಲ್ಲಿ ಆರು ಆರಿಸಿಕೊಂಡರೆ ಸಾಕು. ಒಂದೇ ಜಾಗಕ್ಕೆ ಎರಡು ಸಲ ಹೋದವನಿಗೆ ಸಿಗುವ ಫೋಟೋ, ಎರಡು ಜಾಗಕ್ಕೆ ಒಂದೊಂದು ಸಲ ಹೋದವನಿಗೆ ಸಿಗುವುದಿಲ್ಲ. ಮೊದಲ ಸಲ ಹೋದಾಗ ಪಾರ್ಕಿಂಗ್ ಎಲ್ಲಿ, ಸೂರ್ಯ ಯಾವ ಕಡೆ ಅನ್ನೋದು ತಿಳಿಯುವಷ್ಟರಲ್ಲೇ ದಿನ ಮುಗಿದಿರುತ್ತದೆ.

ಆಮೇಲೆ ಗೋಡೆ ಕ್ಯಾಲೆಂಡರ್ ತನ್ನಿ

ಊರಿಂದ ಬರುವವರ ಕೈಲಿ ಒಂದು ಕನ್ನಡ ಗೋಡೆ ಕ್ಯಾಲೆಂಡರ್ ತರಿಸಿಕೊಳ್ಳಿ. ತಮಾಷೆಯಲ್ಲ. ಅದರಲ್ಲಿ ಹುಣ್ಣಿಮೆ ಅಮಾವಾಸ್ಯೆ ದಪ್ಪಗೆ ಹಾಕಿರುತ್ತಾರೆ. ಸಮುದ್ರ ತೀರದ ಹಕ್ಕಿಗಳನ್ನು ತೆಗೆಯುವವರಿಗೆ ಅದಕ್ಕಿಂತ ಒಳ್ಳೆ ಸಾಧನ ಇಲ್ಲ.

ನಾರ್ಫೋಕ್‌ನಲ್ಲಿ ಸ್ನೆಟಿಶಮ್ ಅಂತ ಒಂದು ಜಾಗ. ಪಕ್ಷಿ ಸಂರಕ್ಷಣೆಯ ದೊಡ್ಡ ಸಂಸ್ಥೆ ಆರ್‌ಎಸ್‌ಪಿಬಿ ನೋಡಿಕೊಳ್ಳುವ ತೀರ. ಎದುರಿಗೆ ವಾಶ್ ಎಂಬ ಅಗಲವಾದ ಕೊಲ್ಲಿ. ಇಳಿತದಲ್ಲಿ ಕಣ್ಣು ಹಾಯುವವರೆಗೂ ಕೆಸರು. ಆ ಕೆಸರಲ್ಲಿ ನಾಟ್ ಎಂಬ ಬೂದು ಬಣ್ಣದ ಪುಟ್ಟ ಹಕ್ಕಿಗಳು ಸಾವಿರಗಟ್ಟಲೆ ಮೇಯುತ್ತಿರುತ್ತವೆ. ಉಬ್ಬರ ಬಂದಂತೆ ನೀರು ಅವನ್ನು ತೀರದ ಕಡೆ ತಳ್ಳುತ್ತದೆ. ಉಬ್ಬರ ದೊಡ್ಡದಾಗಿದ್ದರೆ ಕೆಸರೆಲ್ಲ ಮುಳುಗಿ, ನಿಲ್ಲಲು ಜಾಗವಿಲ್ಲದೆ ಎಲ್ಲವೂ ಒಟ್ಟಿಗೆ ಏಳುತ್ತವೆ. ನಮ್ಮ ತಲೆ ಮೇಲೆ ಹಾದು ಹಿಂದಿರುವ ಹಳೇ ಜಲ್ಲಿ ಗುಂಡಿಗಳ ಕೊಳದಲ್ಲಿ ಇಳಿಯುತ್ತವೆ. ಹತ್ತಾರು ಸಾವಿರ ರೆಕ್ಕೆ ಒಂದೇ ಸಲ ಹೊರಳಿದಾಗ ಹೊಗೆಯಂತಿದ್ದ ಗುಂಪು ಫಕ್ಕನೆ ಬೆಳ್ಳಗಾಗುತ್ತದೆ. ಆ ಶಬ್ದ ಕೇಳಬೇಕು. ಹೆಂಚಿನ ಮನೆ ಮೇಲೆ ದೂರದಿಂದ ಮಳೆ ಬರುತ್ತಿದ್ದ ಹಾಗೆ.

ನಾನು ಮೊದಲ ಸಲ ಹೋದಾಗ ಇದ್ಯಾವುದೂ ಆಗಲಿಲ್ಲ. ಬೆಳಗಿನ ಜಾವ ಮೂರೂವರೆಗೆ ಕಾರು ಹತ್ತಿ, ಕತ್ತಲಲ್ಲಿ ಎರಡು ಕಿಲೋಮೀಟರ್ ನಡೆದು ಹೋಗಿ ನಿಂತರೆ ನೀರು ಅರ್ಧ ಕೆಸರಿಗೆ ಬಂದು ಅಲ್ಲೇ ನಿಂತುಬಿಟ್ಟಿತು. ಹಕ್ಕಿಗಳು ದೂರದಲ್ಲಿ ಎಳ್ಳು ಚೆಲ್ಲಿದ ಹಾಗೆ ಕೂತಿದ್ದವು. ಅವತ್ತು ಅಷ್ಟಮಿಯ ಆಸುಪಾಸು. ಉಬ್ಬರ ಅತಿ ಚಿಕ್ಕದಾಗಿರುವ ದಿನಗಳು ಅವು. ಪಕ್ಕದಲ್ಲಿ ನಾಯಿ ಹಿಡಿದು ಬಂದಿದ್ದ ಒಬ್ಬ ಅಜ್ಜ ನನ್ನ ದೊಡ್ಡ ಲೆನ್ಸ್ ನೋಡಿ ಮರುಕದಿಂದ ತಲೆಯಾಡಿಸಿದರು.

ಲೆಕ್ಕ ಹೀಗೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಉಬ್ಬರ ಅತಿ ದೊಡ್ಡದು. ವಾಶ್‌ನಲ್ಲಿ ಆ ದಿನಗಳ ಉಬ್ಬರ ಬೆಳಿಗ್ಗೆ ಮತ್ತು ಸಂಜೆಯ ಹೊತ್ತಿಗೆ ಬರುತ್ತದೆ. ಫೋಟೋಗೆ ಬೇಕಾದ ಬೆಳಕೂ ಅದೇ ಹೊತ್ತಿನದು. ಮರುದಿನ ಸುಮಾರು ಮುಕ್ಕಾಲು ಗಂಟೆ ತಡ. ಕ್ಯಾಲೆಂಡರ್‌ನಲ್ಲಿ ದಿನ ಗುರುತು ಹಾಕಿಕೊಂಡು, ಆಮೇಲೆ ಉಬ್ಬರದ ಪಟ್ಟಿಯಲ್ಲಿ ನಿಖರ ಗಂಟೆ ನೋಡಿಕೊಳ್ಳಿ. ಉಬ್ಬರದ ಗಂಟೆಗೆ ಎರಡು ತಾಸು ಮೊದಲೇ ಅಲ್ಲಿರಬೇಕು.

ಚಳಿಗಾಲದಲ್ಲಿ ಅದೇ ತೀರದಲ್ಲಿ ಇನ್ನೊಂದು ಬೋನಸ್. ಐಸ್‌ಲ್ಯಾಂಡ್ ಕಡೆಯಿಂದ ಬಂದ ಗುಲಾಬಿ ಕಾಲಿನ ಹೆಬ್ಬಾತುಗಳು ರಾತ್ರಿ ಕೊಲ್ಲಿಯಲ್ಲಿ ಮಲಗಿ, ಬೆಳಕು ಹರಿಯುವಾಗ ಸಾಲು ಸಾಲಾಗಿ ಹೊಲಗಳ ಕಡೆ ಹಾರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತು ಏಳುವುದನ್ನು ನೋಡಿದವರಿಗೆ ಈ ಗದ್ದಲ ಪರಿಚಯದ್ದೇ. ಆದರೆ ಹುಣ್ಣಿಮೆ ಸುತ್ತಮುತ್ತ ಇವು ಬೆಳದಿಂಗಳಲ್ಲೇ ಮೇಯಲು ಹೋಗಿಬಿಡುತ್ತವೆ. ಬೆಳಗಿನ ಹಾರಾಟ ಕೈಕೊಡುತ್ತದೆ. ಅಂದರೆ ನಾಟ್‌ಗಳಿಗೆ ಹುಣ್ಣಿಮೆಯೂ ಆದೀತು, ಅಮಾವಾಸ್ಯೆಯೂ ಆದೀತು. ಹೆಬ್ಬಾತಿಗೆ ಹುಣ್ಣಿಮೆ ಬೇಡ. ಎರಡೂ ಒಂದೇ ಬೆಳಿಗ್ಗೆ ಬೇಕು ಅಂದರೆ ನವೆಂಬರ್‌ನಿಂದ ಜನವರಿವರೆಗೆ ಬರುವ ಅಮಾವಾಸ್ಯೆಯ ಮರುದಿನ ಅಥವಾ ಅದರಾಚೆ ದಿನವೇ ಸರಿ. ನಾನು ಜೇಬಿನಲ್ಲಿಟ್ಟುಕೊಳ್ಳುವ ಒಂದು ದಿನದ ರಜೆ ಇದಕ್ಕೆ. ಅಮಾವಾಸ್ಯೆ ಶನಿವಾರವೇ ಬರಬೇಕು ಅಂತ ಏನಿಲ್ಲವಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಅಮಾವಾಸ್ಯೆ ದಿನ ಯಾರಾದ್ರೂ ದೂರ ಪ್ರಯಾಣ ಹೊರಡ್ತಾರೇನೋ?" ಅಂತ ಬೈದರು. ಮರುದಿನ ತಲುಪೋದಮ್ಮ, ಹೊರಡೋದು ಮಾತ್ರ ಅಮಾವಾಸ್ಯೆ ರಾತ್ರಿ ಅಂದೆ. ಇನ್ನೂ ಜಾಸ್ತಿ ಬೈದರು.

ಬೆಳಕಿನ ಲೆಕ್ಕವನ್ನೂ ಕ್ಯಾಲೆಂಡರ್ ಮೇಲೆ ಬರೆದುಕೊಳ್ಳಿ. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆ. ಲಂಡನ್ನಿನಲ್ಲಿ ಎಂಟೂ ಮುಕ್ಕಾಲು ಗಂಟೆ. ಡಿಸೆಂಬರ್‌ನಲ್ಲಿ ಎಂಟಕ್ಕೆ ಬೆಳಗಾಗಿ ನಾಲ್ಕಕ್ಕೆ ಮುಗಿಯುತ್ತದೆ. ಜೂನ್‌ನಲ್ಲಿ ಐದಕ್ಕೂ ಮೊದಲೇ ಸೂರ್ಯ. ಚಳಿಗಾಲದಲ್ಲಿ ನಿದ್ದೆಗೆ ತೊಂದರೆಯಿಲ್ಲ, ಅದೊಂದೇ ಅದರ ಉಪಕಾರ. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ. ಉಬ್ಬರದ ಪಟ್ಟಿ ಯಾವ ಸಮಯದಲ್ಲಿದೆ ಅಂತ ನೋಡದೆ ಹೊರಟರೆ ನಿಮ್ಮ ಲೆಕ್ಕ ಒಂದು ಗಂಟೆ ತಪ್ಪುತ್ತದೆ.

ಬುಕಿಂಗ್: ಯಾವುದು ಮೊದಲು

ಅತಿ ಬೇಗ ತುಂಬುವುದು ಸ್ಕೋಮರ್. ದ್ವೀಪದಲ್ಲಿ ರಾತ್ರಿ ತಂಗುವ ಹಾಸಿಗೆ ಕೆಲವೇ ಇವೆ. ಮುಂದಿನ ಬೇಸಿಗೆಗೆ ಬೇಕು ಅಂದರೆ ಹಿಂದಿನ ವರ್ಷವೇ ವಿಚಾರಿಸಬೇಕು. ಎರಡನೆಯದು ಮಲ್‌ಗೆ ಕಾರು ಸಾಗಿಸುವ ಕ್ಯಾಲ್‌ಮ್ಯಾಕ್ ಫೆರ್ರಿ. ಜನ ಹೋಗಲು ಜಾಗ ಸಿಗುತ್ತದೆ, ಕಾರಿಗೆ ಸಿಗುವುದಿಲ್ಲ. ಮೂರನೆಯದು ಕೇರ್ನ್‌ಗಾರ್ಮ್ಸ್ ಬುಡದ ಏವಿಮೋರ್ ಊರಿಗೆ ರಾತ್ರಿ ರೈಲು. ಲಂಡನ್ನಿನಲ್ಲಿ ಮಲಗಿದರೆ ಬೆಳಿಗ್ಗೆ ಹಿಮದ ಬೆಟ್ಟದ ಬುಡದಲ್ಲಿ ಏಳಬಹುದು. ಮಿಕ್ಕಿದ ಕಡೆ ಒಂದು ತಿಂಗಳ ಮೊದಲು ನೋಡಿದರೆ ಸಾಕು.

ಇಲ್ಲಿ ಹೊಸದಾಗಿ ಬಂದವರು ಗಮನಿಸಿ: ಬಂದ ದಿನದಿಂದ 12 ತಿಂಗಳು ನಮ್ಮ ಭಾರತದ ಲೈಸೆನ್ಸ್‌ನಲ್ಲೇ ಕಾರು ಓಡಿಸಬಹುದು. ಆಮೇಲೆ ಇಲ್ಲಿಯ ಪರೀಕ್ಷೆ ಪಾಸಾಗಲೇಬೇಕು. ಕಾರಿಲ್ಲದೆ ಈ ಹವ್ಯಾಸ ಕಷ್ಟ ಅಂತ ಒಪ್ಪಿಕೊಳ್ಳುತ್ತೇನೆ, ಅಸಾಧ್ಯ ಅಂತ ಅಲ್ಲ.

ಉಳಿಯುವ ಜಾಗಕ್ಕೆ ಅಡುಗೆಮನೆ ಇರಲಿ. ಬೆಡ್ ಅಂಡ್ ಬ್ರೇಕ್‌ಫಾಸ್ಟ್‌ಗೆ ದುಡ್ಡು ಕೊಟ್ಟರೆ ಬ್ರೇಕ್‌ಫಾಸ್ಟ್ ನಿಮಗೆ ಸಿಗುವುದಿಲ್ಲ. ಅವರು ಬಡಿಸುವುದು ಎಂಟಕ್ಕೆ, ನೀವು ಹೊರಡುವುದು ನಾಲ್ಕಕ್ಕೆ. ರಾತ್ರಿಯೇ ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿ, ಫ್ಲಾಸ್ಕ್‌ನಲ್ಲಿ ಕಾಫಿ ತುಂಬಿಕೊಂಡರೆ ಹನ್ನೊಂದರವರೆಗೆ ಯಾರ ಹಂಗೂ ಇಲ್ಲ.

ವರ್ಷವನ್ನು ಅಕ್ಟೋಬರ್‌ನಿಂದ ಶುರು ಮಾಡಿ

ಜನವರಿಯಿಂದಲೇ ಶುರುವಾಗಬೇಕು ಅಂತ ನಿಯಮವಿಲ್ಲ. ಅಕ್ಟೋಬರ್‌ನಲ್ಲಿ ಕೆಂಪು ಜಿಂಕೆಗಳ ಬೆದೆಗಾಲ. ಪ್ರಾಣಿ ದೊಡ್ಡದು, ಹೆಣ್ಣಿನ ಮೇಲೇ ಗಮನ, ಜಾಗ ಲಂಡನ್ನಿನೊಳಗೇ. ಕೈ ಪಳಗಲು ಇದಕ್ಕಿಂತ ಸುಲಭದ್ದು ಇಲ್ಲ. ರಿಚ್ಮಂಡ್ ಪಾರ್ಕ್ 17ನೇ ಶತಮಾನದಲ್ಲಿ ಮೊದಲನೇ ಚಾರ್ಲ್ಸ್ ದೊರೆ ಬೇಟೆಗಾಗಿ ಗೋಡೆ ಕಟ್ಟಿಸಿದ ಜಾಗ. ಈಗಲೂ ಆರುನೂರರಷ್ಟು ಜಿಂಕೆಗಳಿವೆ. ಗಂಡುಗಳು ಒಣಗಿದ ಬ್ರ್ಯಾಕನ್ ಗಿಡವನ್ನು ಕೊಂಬಿಗೆ ಸಿಕ್ಕಿಸಿಕೊಂಡು, ಕಿರೀಟ ಹೊತ್ತವರ ಹಾಗೆ ತಿರುಗುತ್ತಾ ಗುಟುರು ಹಾಕುತ್ತವೆ. ಸೂರ್ಯನಿಗೆ ಎದುರಾಗಿ ನಿಂತು ತೆಗೆಯಿರಿ. ಮಂಜಿದ್ದರೆ ಬಾಯಿಂದ ಹೊರಟ ಉಸಿರು ಹೊಂಬಣ್ಣಕ್ಕೆ ತಿರುಗುತ್ತದೆ.

ಕನಿಷ್ಠ 50 ಮೀಟರ್ ದೂರ ಇರಬೇಕು ಅನ್ನುವುದು ಅಲ್ಲಿಯ ನಿಯಮ. ಭಾನುವಾರ ಬೆಳಿಗ್ಗೆ ಹೋದರೆ ಈ ನಿಯಮ ಗಾಳಿಗೆ ಹೋಗಿರುವುದು ಕಾಣುತ್ತದೆ. ಒಂದು ಜಿಂಕೆಯ ಸುತ್ತ ಹದಿನೈದು ಜನ ಮೊಬೈಲ್ ಹಿಡಿದು ನಿಂತಿರುತ್ತಾರೆ. ಅಲ್ಲಿಂದ ಎದ್ದು ನಡೆಯಿರಿ, ಅರ್ಧ ಗಂಟೆ ನಡೆದರೆ ಬೇರೆ ಗುಂಪು ಸಿಗುತ್ತದೆ. ಬೆದೆಗೆ ಬಂದ ಗಂಡಿಗೂ ಅದರ ಹೆಣ್ಣುಗಳಿಗೂ ನಡುವೆ ಮಾತ್ರ ಎಂದೂ ನಿಲ್ಲಬೇಡಿ.

ನವೆಂಬರ್ ಬಂದರೆ ಲಿಂಕನ್‌ಶೈರ್‌ನ ಡೋನಾ ನುಕ್. ಬೂದು ಸೀಲ್‌ಗಳು ಮರಿ ಹಾಕಲು ದಡಕ್ಕೆ ಬರುತ್ತವೆ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಒಟ್ಟು ಎರಡು ಸಾವಿರಕ್ಕೂ ಹೆಚ್ಚು ಮರಿ. ಮರಳ ದಿಬ್ಬದ ಬುಡದಲ್ಲಿ ಬೇಲಿ ಹಾಕಿದ್ದಾರೆ, ಮರಿಗಳು ಬೇಲಿಯ ಪಕ್ಕಕ್ಕೇ ಬಂದು ಮಲಗಿರುತ್ತವೆ. ದೊಡ್ಡ ಲೆನ್ಸ್ ಬೇಡವೇ ಬೇಡ, 70-200 ಎಂಎಂ ಸಾಕು. ಮನೆಯವರನ್ನೆಲ್ಲ ಕರೆದೊಯ್ಯಬಹುದಾದ ಜಾಗ ಇದು. ಅಮ್ಮ ಬಂದಿದ್ದಾಗ ಹೋಗಿದ್ದೆವು. ಎರಡು ಸ್ವೆಟರ್, ಮೇಲೆ ನನ್ನ ಜಾಕೆಟ್ ಹಾಕಿಕೊಂಡು ಬೇಲಿ ಹತ್ತಿರ ನಿಂತವರು, "ಅಯ್ಯೋ, ಥೇಟ್ ಮಗು ಅತ್ತ ಹಾಗೇ ಅಳ್ತದೆ ಕಣೋ, ಅವರಮ್ಮ ಎಲ್ಲಿ ಹೋದ್ಲು?" ಅಂತ ಒಂದು ಗಂಟೆ ಅಲ್ಲಾಡಲಿಲ್ಲ. ತಾಯಿ ಸುಮಾರು ಮೂರು ವಾರ ಹಾಲು ಕೊಟ್ಟು, ಆಮೇಲೆ ಮರಿಯನ್ನು ಬಿಟ್ಟು ಸಮುದ್ರಕ್ಕೆ ಹೋಗಿಬಿಡುತ್ತದೆ ಅಂತ ನಾನು ಹೇಳಲು ಹೋಗಲಿಲ್ಲ. ಬೇಲಿಯೊಳಗೆ ಕೈ ಚಾಚಬೇಡಿ, ಮಕ್ಕಳ ಮೇಲೂ ಕಣ್ಣಿರಲಿ. ಜನ ತುಂಬುವ ಮೊದಲೇ, ಬೆಳಕು ಹರಿಯುವಾಗ ತಲುಪಿ.

ಡಿಸೆಂಬರ್‌ನ ಯಾವುದಾದರೂ ಒಂದು ಸಂಜೆ ಸ್ಟಾರ್ಲಿಂಗ್‌ಗಳಿಗೆ. ನಮ್ಮ ಗೊರವಂಕದ ಬಳಗದ ಹಕ್ಕಿ. ಸಾಮರ್ಸೆಟ್‌ನ ಹ್ಯಾಮ್ ವಾಲ್ ಜೊಂಡಿನ ಕೆರೆಗಳಲ್ಲಿ ಲಕ್ಷಗಟ್ಟಲೆ ಬಂದು ಮಲಗುತ್ತವೆ. ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಹೋಗಿ. ಗಾಳಿ ಕಡಿಮೆ, ಆಕಾಶ ತಿಳಿಯಾಗಿರುವ ದಿನ ಆರಿಸಿಕೊಳ್ಳಿ. ಕೆಲವು ಸಂಜೆ ಮಲಗುವ ಮೊದಲು ಆಕಾಶದಲ್ಲಿ ಗುಂಪಾಗಿ ಇಪ್ಪತ್ತು ನಿಮಿಷ ಕುಣಿಯುತ್ತವೆ, ಕೆಲವು ಸಂಜೆ ಸೀದಾ ಬಂದು ಜೊಂಡಿನೊಳಗೆ ಸುರಿದುಬಿಡುತ್ತವೆ. ಬ್ರೈಟನ್ ಮತ್ತು ವೇಲ್ಸ್‌ನ ಏಬರಿಸ್ಟ್‌ವಿತ್‌ನಲ್ಲಿ ಕಡಲೊಳಗೆ ಚಾಚಿದ ಪಿಯರ್ ಕಟ್ಟೆಗಳ ಮೇಲೂ ಕಾಣಸಿಗುತ್ತವೆ. ಅಗಲದ ಲೆನ್ಸ್ ಒಯ್ಯಿರಿ.

ಫೆಬ್ರವರಿ: ಬಿಳಿ ಮೊಲ

ಇದು ರಜೆ ಖರ್ಚು ಮಾಡಬೇಕಾದ ಮೊದಲ ಪ್ರವಾಸ. ಸ್ಕಾಟ್ಲೆಂಡಿನ ಬೆಟ್ಟದ ಮೊಲ ಚಳಿಗಾಲದಲ್ಲಿ ಬೆಳ್ಳಗಾಗುತ್ತದೆ. ಇನ್‌ವರ್ನೆಸ್‌ನ ದಕ್ಷಿಣಕ್ಕೆ ಟೊಮಾಟಿನ್ ಊರಿಂದ ಒಳಗೆ ಹೋಗುವ ಫಿಂಡ್‌ಹಾರ್ನ್ ಕಣಿವೆ ಇದಕ್ಕೆ ಹೆಸರುವಾಸಿ. ಮೈಬಣ್ಣ ಬದಲಾಗುವುದು ಮುಖ್ಯವಾಗಿ ಹಗಲಿನ ಉದ್ದ ನೋಡಿ, ಹಿಮ ನೋಡಿ ಅಲ್ಲ. ಹಾಗಾಗಿ ಹಿಮ ಬೀಳದ ವರ್ಷ ಕಂದು ಬೆಟ್ಟದ ಮೇಲೆ ಬಿಳಿ ಮೊಲ ಕಿಲೋಮೀಟರ್ ದೂರದಿಂದಲೇ ಕಾಣುತ್ತದೆ, ಪಾಪ. ನಮಗೆ ಹುಡುಕಲು ಸುಲಭ, ಹದ್ದಿಗೂ ಸುಲಭ.

ಮೊಲದ ಕಡೆ ನೇರವಾಗಿ ನಡೆಯಬೇಡಿ. ಬೇರೆ ಎಲ್ಲೋ ಹೋಗುವವರ ಹಾಗೆ ಓರೆಯಾಗಿ ಹತ್ತಿ ದೂರದಲ್ಲೇ ಕೂತುಬಿಡಿ. ಐದು ನಿಮಿಷ ಬಿಟ್ಟು ಕೂತಲ್ಲಿಂದಲೇ ಸ್ವಲ್ಪ ಜರುಗಿ. ಕಿವಿ ನೆಟ್ಟಗಾಯಿತಾ, ನಿಲ್ಲಿ. ಕಿವಿ ಮತ್ತೆ ಬೆನ್ನಿಗೆ ಅಂಟಿ, ಕಣ್ಣು ಅರ್ಧ ಮುಚ್ಚಿತಾ, ಅದು ನಿಮ್ಮನ್ನು ಒಪ್ಪಿಕೊಂಡಿದೆ. ಒಂದೇ ಮೊಲದ ಮುಂದೆ ನಾಲ್ಕು ಗಂಟೆ ಕೂರಿ. ಅದು ಆಕಳಿಸುತ್ತದೆ, ಮೈ ಮುರಿಯುತ್ತದೆ, ಮುಂಗಾಲಿನಿಂದ ಮುಖ ತಿಕ್ಕಿಕೊಳ್ಳುತ್ತದೆ. ನಾಲ್ಕನೇ ಗಂಟೆಯಲ್ಲಿ ಸಿಗುವ ಫೋಟೋ ಅದು. ಆ ಹೊತ್ತಿಗೆ ನಿಮ್ಮ ಕಾಲ್ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರುವುದಿಲ್ಲ. ಎರಡು ಜೊತೆ ಉಣ್ಣೆ ಸಾಕ್ಸ್, ಕೂರಲು ಒಂದು ಫೋಮ್ ಹಾಳೆ ಮರೆಯಬೇಡಿ.

ಹಿಮದಲ್ಲಿ ಕ್ಯಾಮೆರಾ ಮೋಸ ಹೋಗಿ ಎಲ್ಲವನ್ನೂ ಬೂದು ಮಾಡುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವ ಹಾಗೆ, ಹೆಚ್ಚಿಸಿ. ಬೆಟ್ಟಕ್ಕೆ ಹೋಗಲಾಗದ ಹವಾಮಾನದ ದಿನಕ್ಕೆ ಏವಿಮೋರ್ ಸುತ್ತಲಿನ ಪೈನ್ ಕಾಡಿನಲ್ಲಿ ಕೆಂಪು ಅಳಿಲಿಗೆ ಬಾಡಿಗೆ ಹೈಡ್‌ಗಳಿವೆ, ಅಂದರೆ ಅಡಗಿ ಕೂತು ಫೋಟೋ ತೆಗೆಯುವ ಗುಡಿಸಲುಗಳು. ಒಂದನ್ನು ಕಾಯ್ದಿರಿಸಿ.

ಮಾರ್ಚ್, ಏಪ್ರಿಲ್: ಮನೆ ಹತ್ತಿರವೇ

ಈ ಎರಡು ತಿಂಗಳು ದೂರ ಹೋಗಬೇಡಿ. ನಾನಿರುವುದು ರೆಡಿಂಗ್‌ನಲ್ಲಿ. ಸುತ್ತಮುತ್ತ ಜಲ್ಲಿ ತೆಗೆದ ಗುಂಡಿಗಳೆಲ್ಲ ಈಗ ಕೆರೆಗಳು. ಅಲ್ಲಿ ಗ್ರೇಟ್ ಕ್ರೆಸ್ಟೆಡ್ ಗ್ರೀಬ್ ಎಂಬ ನೀರುಹಕ್ಕಿಯ ಜೋಡಿಗಳು ಎದುರುಬದುರು ತಲೆಯಾಡಿಸುತ್ತಾ ಕುಣಿಯುತ್ತವೆ. ಅದೃಷ್ಟ ಇದ್ದರೆ ಬಾಯಲ್ಲಿ ನೀರುಕಳೆ ಹಿಡಿದು, ಎದೆಗೆ ಎದೆ ಕೊಟ್ಟು ನೀರ ಮೇಲೆ ನೆಟ್ಟಗೆ ಏಳುತ್ತವೆ. ಅದು ಕೆಲವೇ ಸೆಕೆಂಡಿನ ಆಟ. ಕೆಲಸಕ್ಕೆ ಮೊದಲು ಒಂದು ಗಂಟೆಯಂತೆ ಹತ್ತು ಬೆಳಿಗ್ಗೆ ಹೋದವರಿಗೆ ಸಿಗುತ್ತದೆ. ತಲೆ ಮೇಲೆ ರೆಡ್ ಕೈಟ್ ಎಂಬ ಕೆಂಪು ಹದ್ದುಗಳಂತೂ ಇದ್ದೇ ಇರುತ್ತವೆ. 1989ರಿಂದ ಇವನ್ನು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿಗೆ ಮರಳಿ ತಂದು ಬಿಟ್ಟರು. ಈಗ ನಮ್ಮ ಬೀದಿಯ ಹೊಗೆಗೊಳವೆ ಮೇಲೇ ಗಿರಕಿ ಹೊಡೆಯುತ್ತವೆ. ನಿಮ್ಮ ಕಡೆ ಇಲ್ಲದಿದ್ದರೆ ವೇಲ್ಸ್‌ನ ರಾಯಡರ್ ಬಳಿ ಗಿಗ್ರಿನ್ ಫಾರ್ಮ್‌ನಲ್ಲಿ ಮಧ್ಯಾಹ್ನ ಇವಕ್ಕೆ ಊಟ ಹಾಕುತ್ತಾರೆ. ನೂರಾರು ಬರುತ್ತವೆ.

ಮಾರ್ಚ್‌ನಲ್ಲಿ ಹೊಲದ ಕಂದು ಮೊಲಗಳು ಹಿಂಗಾಲ ಮೇಲೆ ನಿಂತು ಬಾಕ್ಸಿಂಗ್ ಆಡುತ್ತವೆ. ಬಹಳ ಸಲ ಅದು ಹಿಂದೆ ಬಿದ್ದ ಗಂಡಿಗೆ ಹೆಣ್ಣು ಕೊಡುವ ಏಟು.

ಮೇ: ಮಲ್ ದ್ವೀಪದ ನೀರುನಾಯಿ

ಮಲ್‌ಗೆ ಮೇ ತಿಂಗಳೇ ಯಾಕೆ ಅಂದರೆ ನುಸಿ. ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಿಜ್ ಎಂಬ ನುಸಿ ಮೋಡದ ಹಾಗೆ ಮುತ್ತುತ್ತದೆ. ಮಲೆನಾಡಿನ ಜಿಗಣೆ ಕಂಡವನು ನಾನು, ಅದೇ ವಾಸಿ. ಓಬನ್ ಊರಿಂದ ದ್ವೀಪದ ಕ್ರೇಗ್‌ನ್ಯೂರ್‌ಗೆ ಫೆರ್ರಿ ಮುಕ್ಕಾಲು ಗಂಟೆ. ಆಮೇಲೆ ಲಾಕ್ ನ ಕೀಲ್ ಎಂಬ ಕಡಲ ತೋಳಿನ ದಡದ ಒಂದೇ ಗಾಡಿ ಹಿಡಿಸುವ ರಸ್ತೆಯಲ್ಲಿ ನಿಧಾನಕ್ಕೆ ಓಡಿಸುತ್ತಾ, ನೀರಿನಲ್ಲಿ ಮೂಗು, ಬೆನ್ನು, ಬಾಲ ಮೂರು ಉಬ್ಬು ಸಾಲಾಗಿ ಕಾಣುತ್ತದಾ ಅಂತ ನೋಡಬೇಕು. ರಸ್ತೆಯಲ್ಲಿ ಎದುರು ಗಾಡಿಗೆ ಜಾಗ ಬಿಡಲು ಇರುವ ಪಾಸಿಂಗ್ ಪ್ಲೇಸ್‌ನಲ್ಲಿ ಕಾರು ನಿಲ್ಲಿಸಬೇಡಿ. ಊರಿನವರು ಅದೊಂದಕ್ಕೆ ಮಾತ್ರ ಸಿಟ್ಟಾಗುತ್ತಾರೆ.

ತುಂಗಭದ್ರೆಯಲ್ಲಿ ಗುಂಪುಗುಂಪಾಗಿ ಆಡುವ ನೀರುನಾಯಿ ನೋಡಿದ್ದವರು ಇಲ್ಲಿ ಒಂಟಿಯನ್ನು ಹುಡುಕಬೇಕು. ಸಿಕ್ಕಿದರೆ ಮಕ್ಕಳ "ಸ್ಟ್ಯಾಚ್ಯೂ" ಆಟ ಶುರು. ಅದು ಮುಳುಗಿದಾಗ ನೀವು ನಡೆಯಿರಿ. ಇಪ್ಪತ್ತು ಮೂವತ್ತು ಸೆಕೆಂಡಿಗೆ ತಲೆ ಮೇಲೆತ್ತುತ್ತದೆ, ಅಷ್ಟರಲ್ಲಿ ಕಲ್ಲಾಗಿರಬೇಕು. ಮತ್ತೆ ಮುಳುಗಿದಾಗ ಮತ್ತೆ ನಾಲ್ಕು ಹೆಜ್ಜೆ. ಗಾಳಿ ನಿಮ್ಮ ಮುಖಕ್ಕೆ ಬೀಸುತ್ತಿರಬೇಕು. ಆಕಾಶದ ಎದುರು ನಿಮ್ಮ ಆಕಾರ ಕಾಣದಂತೆ ಬಂಡೆಗಳ ಮಟ್ಟದಲ್ಲೇ ಇರಿ. ಸಣ್ಣ ಮೀನಾದರೆ ನೀರಲ್ಲೇ ತಿಂದು ಮುಗಿಸುತ್ತದೆ. ದೊಡ್ಡದು ಸಿಕ್ಕರೆ ದಡಕ್ಕೆ ತರುತ್ತದೆ, ಅದು ನಿಮ್ಮ ಹೊತ್ತು. ಲೆನ್ಸ್‌ನ ಬಾಯಿ ಆಗಲೇ ಆ ಕಡೆ ತಿರುಗಿರಲಿ.

ಬಿಳಿಬಾಲದ ಕಡಲ ಹದ್ದಿಗೆ ದೋಣಿ ಪ್ರವಾಸಗಳಿವೆ. 20ನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನಿಂದ ಪೂರ್ತಿ ಅಳಿದಿದ್ದ ಈ ಹಕ್ಕಿಯನ್ನು 1975ರಿಂದ ರಮ್ ದ್ವೀಪದಲ್ಲಿ ಮತ್ತೆ ಬಿಟ್ಟು ಬೆಳೆಸಿದರು. ಎರಡೂವರೆ ಮೀಟರ್ ಮುಟ್ಟುವ ರೆಕ್ಕೆ. ಒಂದು ದೋಣಿ ಸವಾರಿ ಸಾಕು, ಉಳಿದ ದಿನವೆಲ್ಲ ನೀರುನಾಯಿಗೆ ಕೊಡಿ. ಇದು ನನ್ನ ಪಕ್ಷಪಾತ.

ಜೂನ್ ಕೊನೆ: ಸ್ಕೋಮರ್

ಪಫಿನ್‌ಗಳು ಏಪ್ರಿಲ್‌ನಿಂದಲೇ ಇರುತ್ತವೆ. ಆದರೆ ಮರಿಗೆ ಮೀನು ತರುವ ದೃಶ್ಯ ಬೇಕಾದರೆ ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ ಮಾತ್ರ. ಪೆಂಬ್ರೂಕ್‌ಶೈರ್‌ನ ಮಾರ್ಟಿನ್ಸ್ ಹೇವನ್‌ನಿಂದ ದೋಣಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿಯಿದೆ. ಸಾಮಾನ್ಯವಾಗಿ ಸೋಮವಾರ ದೋಣಿ ಇಲ್ಲ, ಬ್ಯಾಂಕ್ ಹಾಲಿಡೇ ಬಿಟ್ಟು. ಉತ್ತರದ ಗಾಳಿ ಜೋರಾದರೆ ದೋಣಿ ನಿಲ್ಲುವ ಕೊಲ್ಲಿಗೆ ಅಲೆ ನುಗ್ಗಿ ಆ ದಿನದ ಯಾನವೇ ರದ್ದು. ಅದಕ್ಕೇ ಗುರುವಾರ, ಶುಕ್ರವಾರ ರಜೆ ಹಾಕಿ, ಶನಿವಾರವನ್ನು ಕೈಯಲ್ಲಿಟ್ಟುಕೊಳ್ಳುತ್ತೇನೆ.

ಇಳಿದ ಕೂಡಲೇ ಕಡಿದಾದ ಮೆಟ್ಟಿಲು, ಆಮೇಲೆ ದ್ವೀಪದ ಸುತ್ತ ಕಾಲುದಾರಿ. ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಬಾರದು. ನೆಲದಡಿ ಎಲ್ಲೆಲ್ಲೂ ಬಿಲಗಳು, ಕಾಲಿಟ್ಟರೆ ಒಳಗಿರುವ ಮರಿಯ ಮೇಲೆ ಕುಸಿಯುತ್ತದೆ. ಎಲ್ಲರೂ ಸೇರುವ ಜಾಗ ವಿಕ್ ಎಂಬ ಕಮರಿಯ ಅಂಚು. ಬಿಲಗಳು ಕಾಲುದಾರಿಯ ಎರಡೂ ಬದಿ. ಸಮುದ್ರದಿಂದ ಬಂದ ಪಫಿನ್ ಒಂದು ಬದಿ ಇಳಿದು, ದಾರಿ ದಾಟಿ ಇನ್ನೊಂದು ಬದಿಯ ಬಿಲಕ್ಕೆ ಓಡಬೇಕು. ಮೇಲೆ ಗಲ್ ಹಕ್ಕಿಗಳು ಮೀನು ಕಸಿಯಲು ಕಾಯುತ್ತಿರುತ್ತವೆ. ನಾನು ಮಂಡಿಯೂರಿ ಕೂತಿದ್ದೆ. ಒಂದು ಪಫಿನ್ ಏಳೆಂಟು ಬೆಳ್ಳಿ ಮೀನನ್ನು ಮೀಸೆಯ ಹಾಗೆ ಅಡ್ಡ ಹಿಡಿದು ನನ್ನ ಮುಂದೆ ಬಂದು ನಿಂತಿತು. ತಲೆ ಓರೆ ಮಾಡಿತು. ನನ್ನ ಬ್ಯಾಗು ಅದರ ದಾರಿಯಲ್ಲಿದೆ ಅಂತ ಆಗ ಹೊಳೆಯಿತು. ಬ್ಯಾಗು ಎಳೆದುಕೊಂಡೆ. ಕಿತ್ತಳೆ ಕಾಲು ಪಟಪಟ ಬಡಿಯುತ್ತಾ ಓಡಿ ಬಿಲದೊಳಗೆ ಮಾಯ. ಫೋಟೋ? ಇಲ್ಲ. 500 ಎಂಎಂ ಲೆನ್ಸ್‌ಗೆ ಅದು ತೀರಾ ಹತ್ತಿರವಾಗಿತ್ತು. ಆದ್ದರಿಂದ ಎರಡನೇ ಕ್ಯಾಮೆರಾದಲ್ಲಿ ಒಂದು ಚಿಕ್ಕ ಲೆನ್ಸ್ ಇರಲಿ, ಅಥವಾ ಇಡೀ ದಿನ 100-400 ಒಂದರಲ್ಲೇ ಇರಿ.

ಹಾರುವ ಪಫಿನ್‌ಗೆ ಶಟರ್ ವೇಗ ಸೆಕೆಂಡಿನ 1/2500ಕ್ಕಿಂತ ನಿಧಾನ ಬೇಡ. ಬಿಳಿ ಎದೆ, ಕಪ್ಪು ಬೆನ್ನು ಆದ್ದರಿಂದ ಬಿಸಿಲಿಗಿಂತ ತೆಳು ಮೋಡದ ದಿನವೇ ಒಳ್ಳೆಯದು. ಹಗಲಿನ ಟಿಕೆಟ್‌ನಲ್ಲಿ ಸಿಗುವುದು ಸುಮಾರು ಐದು ಗಂಟೆ, ಅದೂ ಮಧ್ಯಾಹ್ನದ ಬೆಳಕು. ರಾತ್ರಿ ತಂಗಲು ಸಿಕ್ಕರೆ ಬಿಡಬೇಡಿ. ಕತ್ತಲಾದ ಮೇಲೆ ಮ್ಯಾಂಕ್ಸ್ ಶಿಯರ್‌ವಾಟರ್ ಎಂಬ ಕಡಲಹಕ್ಕಿಗಳು ಸಮುದ್ರದಿಂದ ಸಾವಿರಗಟ್ಟಲೆ ಮರಳಿ, ದೆವ್ವ ಹೊಕ್ಕವರ ಹಾಗೆ ಕಿರುಚುತ್ತವೆ.

ಸ್ಕೋಮರ್ ಸಿಗಲಿಲ್ಲವಾ? ಯಾರ್ಕ್‌ಶೈರ್‌ನ ಬೆಂಪ್ಟನ್ ಕ್ಲಿಫ್ಸ್ ಎಂಬ ಕಡಲ ಬಂಡೆಗಳಿಗೆ ದೋಣಿಯೇ ಬೇಡ, ಗ್ಯಾನೆಟ್ ಎಂಬ ದೊಡ್ಡ ಕಡಲಹಕ್ಕಿಗಳು ಕಣ್ಣಿನ ಮಟ್ಟದಲ್ಲೇ ತೇಲುತ್ತವೆ. ನಾರ್ತಂಬರ್ಲೆಂಡ್‌ನ ಫಾರ್ನ್ ದ್ವೀಪಗಳಿಗೆ ಸೀಹೌಸಸ್‌ನಿಂದ ದೋಣಿ. ಅಲ್ಲಿಗೆ ದಪ್ಪ ಟೋಪಿ ಕಡ್ಡಾಯ ಅಂದುಕೊಳ್ಳಿ, ಗೂಡಿನ ಹತ್ತಿರ ಹೋದವರ ತಲೆಗೆ ಆರ್ಕ್‌ಟಿಕ್ ಟರ್ನ್ ಎಂಬ ಹಕ್ಕಿ ರಕ್ತ ಬರುವ ಹಾಗೆ ಕುಕ್ಕುತ್ತದೆ. ಹಕ್ಕಿಜ್ವರ ಬಂದ 2022ರ ನಂತರ ಇಂಥ ದ್ವೀಪಗಳಲ್ಲಿ ಇಳಿಯಲು ಬಿಡುತ್ತಾರೋ ಇಲ್ಲವೋ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗಿದೆ. ಹೊರಡುವ ಮುನ್ನ ವಿಚಾರಿಸಿ.

ಆಗಸ್ಟ್ ಬ್ಯಾಂಕ್ ಹಾಲಿಡೇಗೆ ಇನ್‌ವರ್ನೆಸ್ ಹತ್ತಿರದ ಚಾನನ್ರಿ ಪಾಯಿಂಟ್. ದಡದಲ್ಲೇ ನಿಂತು ಡಾಲ್ಫಿನ್ ತೆಗೆಯಬಹುದು, ಟಿಕೆಟ್ ಇಲ್ಲ. ಇಳಿತ ಮುಗಿದು ನೀರು ಏರಲು ಶುರುವಾದ ಮೇಲೆ ಸಾಲ್ಮನ್ ಬೆನ್ನಟ್ಟಿ ಬರುತ್ತವೆ. ಮತ್ತೆ ಉಬ್ಬರದ ಪಟ್ಟಿ! ಸೆಪ್ಟೆಂಬರ್‌ನಲ್ಲಿ ನಾನು ಎಲ್ಲಿಗೂ ಹೋಗುವುದಿಲ್ಲ. ಹಾರ್ಡ್ ಡಿಸ್ಕ್ ಮುಂದೆ ಕೂತು ಅಳಿಸುವ ತಿಂಗಳು ಅದು.

ಕಾನೂನು, ಬ್ಯಾಗು

ಮಿಂಚುಳ್ಳಿ, ಕಣಜ ಗೂಬೆ, ಹದ್ದುಗಳಂಥ ಕೆಲವು ಹಕ್ಕಿಗಳನ್ನು 1981ರ ವೈಲ್ಡ್‌ಲೈಫ್ ಅಂಡ್ ಕಂಟ್ರಿಸೈಡ್ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಹಾಕಿದ್ದಾರೆ. ಗೂಡಿನಲ್ಲಿ ಅಥವಾ ಗೂಡಿನ ಬಳಿ ಇವಕ್ಕೆ ತೊಂದರೆ ಕೊಟ್ಟರೆ ಅಪರಾಧ. ತೊಂದರೆಯಾಗುವಷ್ಟು ಹತ್ತಿರ ಹೋಗಿ ತೆಗೆಯಬೇಕು ಅಂದರೆ ಲೈಸೆನ್ಸ್ ಬೇಕು. "ಬರೀ ಫೋಟೋ ತಾನೇ" ಅನ್ನುವಂತಿಲ್ಲ. ಗೂಡಿನ ಜಾಗವನ್ನು ವಾಟ್ಸ್ಆ್ಯಪ್ ಗುಂಪಿಗೂ ಹಾಕಬೇಡಿ. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆಯಿಂದ ಬೆಟ್ಟ ಬಯಲುಗಳಲ್ಲಿ ಜವಾಬ್ದಾರಿಯಿಂದ ಎಲ್ಲಿ ಬೇಕಾದರೂ ನಡೆಯುವ ಹಕ್ಕಿದೆ. ಇಂಗ್ಲೆಂಡಿನ ಹೊಲಗಳಲ್ಲಿ ಹಾಗಲ್ಲ, ಗುರುತು ಹಾಕಿದ ಕಾಲುದಾರಿ ಬಿಡಬಾರದು.

ದೊಡ್ಡ ಲೆನ್ಸ್ ಕೊಳ್ಳುವ ಮೊದಲು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತಗೊಂಡು ನೋಡಿ. ಹಳೇ ಜೀನ್ಸ್‌ನ ಒಂದು ಕಾಲು ಕತ್ತರಿಸಿ, ಅಕ್ಕಿ ತುಂಬಿ ಎರಡೂ ಕಡೆ ಹೊಲಿದರೆ ಕಾರಿನ ಕಿಟಕಿ ಮೇಲಿಡಲು ಬೀನ್‌ಬ್ಯಾಗ್ ರೆಡಿ. ಹೋಟೆಲಿನ ಶವರ್ ಕ್ಯಾಪ್ ಕ್ಯಾಮೆರಾಗೆ ಒಳ್ಳೆ ಮಳೆ ಟೋಪಿ. ಹುಲ್ಲಿನಲ್ಲಿ ಮಲಗಿ ಎದ್ದ ದಿನ ಸಂಜೆ ಮೈಯಲ್ಲಿ ಎಲ್ಲಾದರೂ ಉಣ್ಣೆ ಹುಳ (ಟಿಕ್) ಕಚ್ಚಿದೆಯಾ ನೋಡಿಕೊಳ್ಳಿ. ಲೈಮ್ ಕಾಯಿಲೆ ಅದರಿಂದಲೇ ಬರುವುದು.

ಈ ವಾರವೇ ಮಾಡಬೇಕಾದದ್ದು ಇಷ್ಟು. ರಜೆ ಹಾಳೆ ತೆಗೆದು ಎಂಟು ದಿನ ಹಂಚಿ. ಸ್ಕೋಮರ್‌ನ ಬುಕಿಂಗ್ ಯಾವಾಗ ತೆರೆಯುತ್ತದೆ ನೋಡಿ. ನವೆಂಬರ್, ಡಿಸೆಂಬರ್, ಜನವರಿಯ ಅಮಾವಾಸ್ಯೆಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಉಬ್ಬರದ ಗಂಟೆ ಬರೆಯಿರಿ. ಅಮ್ಮ ಫೋನ್ ಮಾಡಿದರೆ ಹೊರಡುವ ದಿನ ಹೇಳಬೇಡಿ, ತಲುಪುವ ದಿನ ಮಾತ್ರ ಹೇಳಿ.